ಟಿ.ವಿ. ಮುಂದೆ ಕೂತ ನ್ಯಾಯ

ಸರ್ಕಾರದ ಹಗರಣಗಳಿಂದ ಬಡವರಿಗೆ ಮೂರು ಕಾಸಿನ ಉಪಯೋಗವಿಲ್ಲ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ. ಅಂಥವರು ಮಾಂಬಳ್ಳಿಗೆ ಬಂದು ನಮ್ಮ ಪಕ್ಕದ ಮನೆ ಪ್ರಭುಸ್ವಾಮಿಯನ್ನು ಕೇಳಲಿ. ಚಂದ್ರಿಕೆ ಹಗರಣ ನಡೆಯದೇ ಹೋಗಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದನ್ನು ಮಾಡಿದ ಪುಣ್ಯಾತ್ಮರು ಎಲ್ಲೇ ಇರಲಿ, ಯಾವ ಜೈಲಿನಲ್ಲೇ ಇರಲಿ, ತಣ್ಣಗಿರಲಿ.

ಪ್ರಭುಸ್ವಾಮಿ ಕೆಟ್ಟವನಲ್ಲ. ಕೆಟ್ಟವನಾಗಲು ಒಂದಿಷ್ಟು ಗಮನ ಬೇಕು, ಅದು ಅವನಿಗಿಲ್ಲ. ಗೊಬ್ಬರ ತರಲು ಯಳಂದೂರಿಗೆ ಹೋದವನು ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಹಿಡಿದುಕೊಂಡು ಬರುತ್ತಾನೆ, ಗೊಬ್ಬರದ ಮೂಟೆ ಮರುದಿನ ತಾನಾಗಿ ಯಾರದೋ ಗಾಡಿಯಲ್ಲಿ ಬರುತ್ತದೆ. ಅವನಿಗಿದ್ದದ್ದು ಒಂದೇ ಆಸೆ. ಅವನಪ್ಪ ಊರಿನ ಯಜಮಾನರಲ್ಲಿ ಒಬ್ಬರಾಗಿದ್ದವರು. ಅಪ್ಪ ಹೋದ ಮೇಲೆ ಊರಿನ ನ್ಯಾಯ ಪಂಚಾಯ್ತಿಗಳಿಗೆ ಯಾರೂ ಇವನನ್ನು ಕರೆಯಲಿಲ್ಲ. ಒಂದು ಸಲವಾದರೂ ಯಜಮಾನರೆಲ್ಲ ತನ್ನ ಮನೆಗೆ ಬಂದು ಕೂರಬೇಕು, ತಾನು ಅವರ ಸಾಲಿನಲ್ಲಿ ಕಾಲು ಮೇಲೆ ಕಾಲು ಹಾಕಿಕೊಳ್ಳಬೇಕು ಎಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಅದಕ್ಕೇ ಅವನು ಟಿ.ವಿ. ತಂದ. ನಮ್ಮ ಬೀದಿಗೆ ಅದೇ ಮೊದಲನೆಯದು. ತಂದು ತಿಂಗಳಾದರೂ ಮಕ್ಕಳ ಹಿಂಡು ಬಂತೇ ಹೊರತು ಒಬ್ಬ ಯಜಮಾನರೂ ಆ ಕಡೆ ತಲೆ ಹಾಕಲಿಲ್ಲ.

ಆಗ ಬಂತು ಚಂದ್ರಿಕೆ ಹಗರಣ. ಚಂದ್ರಿಕೆ ಅಂದರೆ ಬಿದಿರು ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರಪಟ್ಟಿ ಹೆಣೆದ, ಬಾಗಿಲಿನಷ್ಟು ದೊಡ್ಡ ಸಾಮಾನು. ಸೊಪ್ಪು ತಿಂದು ತಿಂದು ಹಣ್ಣಾದ ರೇಷ್ಮೆ ಹುಳುವನ್ನು ಆಯ್ದು ಅದರ ಮೇಲೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಬಿಡದೆ ತಡ ಮಾಡಿದರೆ ಸಾಕುವ ತಟ್ಟೆಯ ಕಸದಲ್ಲೇ ನೂಲು ಕಕ್ಕಿಕೊಂಡು ಹಾಳಾಗುತ್ತದೆ. ರೈತರಿಗೆ ಪುಕ್ಕಟೆ ಹಂಚಲೆಂದು ಸಲಕರಣೆ ನಿಗಮ ಎಂಬುದೊಂದು ರಾಶಿ ರಾಶಿ ಚಂದ್ರಿಕೆ ಕೊಂಡಿತ್ತಂತೆ. ಕೊಂಡದ್ದು ಕಾಗದದಲ್ಲಿತ್ತು, ಹಂಚಿದ್ದೂ ಕಾಗದದಲ್ಲಿತ್ತು, ಚಂದ್ರಿಕೆ ಮಾತ್ರ ಎಲ್ಲೂ ಇರಲಿಲ್ಲ. ಗಲಾಟೆಯಾಗಿ ಸದನ ಸಮಿತಿ ಕೂತಿತು. ಅದರ ವಿಚಾರಣೆಯನ್ನು ಟಿ.ವಿ.ಯಲ್ಲಿ ತೋರಿಸುತ್ತಾರೆಂದು ರೇಡಿಯೋದವರು ಹೇಳಿದರು. ಪ್ರಭುಸ್ವಾಮಿ ಕೂತಲ್ಲಿಂದ ಎದ್ದುಬಿಟ್ಟ.

ಅವನ ಹೆಂಡತಿ ಪುಷ್ಪ ಬೇಡವೆಂದಳು. ಅವಳಿಗೆ ಅವಳದೇ ಸಂಕಟ. ಮನೆಯ ಹಿಂದಿನ ಕೋಣೆಯಲ್ಲಿ ಹುಳು ಹಣ್ಣಾಗುವುದಕ್ಕೆ ಬಂದಿದ್ದವು. ಹಿಂದಿನ ಎರಡು ಬೆಳೆ ಸುಣ್ಣಕಟ್ಟು ರೋಗ ಬಂದು ತಿಪ್ಪೆ ಸೇರಿದ್ದವು. ಈ ಬೆಳೆಯೂ ಹೋದರೆ ಹಿಪ್ಪುನೇರಳೆ ತೋಟ ಕಿತ್ತು ಕಬ್ಬು ನಾಟಿ ಮಾಡುವುದು ಎಂದು ಅವಳ ಅತ್ತೆ ಕೆಂಪಾಜಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಪುಷ್ಪ ಮುಳ್ಳೂರಿನ ಹುಳು ಸಾಕುವವರ ಮನೆಯಲ್ಲಿ ಹುಟ್ಟಿದವಳು. ಗಂಡನ ಮನೆಯಲ್ಲಿ ಇದು ನನ್ನದು ಅಂತ ಅವಳು ಹೇಳಿಕೊಳ್ಳುತ್ತಿದ್ದದ್ದು ಆ ತೋಟವೊಂದನ್ನೇ. ರಾತ್ರಿಯೆಲ್ಲ ಎದ್ದೆದ್ದು ಸೊಪ್ಪು ಹಾಕಿ ಅವಳ ಕಣ್ಣು ಗುಳಿ ಬಿದ್ದಿದ್ದವು.

"ನಾಳೀಕೆ ಅಣ್ಣಾಯ್ತವೆ. ಚಂದ್ರಿಕೆ ನಿಲ್ಸಾಕೆ ಗಾಳಿ ಆಡಾ ಜಾಗ ಅಂದ್ರೆ ಈ ಅಜಾರ ಒಂದೇಯ. ಇಲ್ಲಿ ಜಾತ್ರೆ ಸೇರುಸ್ಬ್ಯಾಡಿ" ಅಂದಳು.

"ನಾಳೆ ತಾನೆ? ಇಚಾರ್ಣೆ ಇವತ್ತೇ ಮುಗ್ದೋಯ್ತದೆ ಬುಡು" ಅಂದ ಪ್ರಭುಸ್ವಾಮಿ. ಸರ್ಕಾರದ ವಿಚಾರಣೆ ಒಂದೇ ದಿನಕ್ಕೆ ಮುಗಿಯುತ್ತದೆ ಎಂದು ನಂಬಿದ್ದ ಮನುಷ್ಯನನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಾಣಲಾರೆ.

ಯಜಮಾನರನ್ನು ಕರೆಯುವಾಗ ಬರಿಗೈಲಿ ಹೋಗುವುದು ಸರಿಯಲ್ಲವೆಂದು ಅವನಿಗೆ ತೋರಿತು. ಅವ್ವನ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆ ಹರಿವಾಣ ತೆಗೆದು, ಹುಣಸೆಹಣ್ಣು ಹಾಕಿ ಬೆಳಗಿ, ಎಲೆ ಅಡಿಕೆ ಜೋಡಿಸಿಕೊಂಡು, ಬಿಳಿ ಶರ್ಟು ಹಾಕಿಕೊಂಡು ಹೊರಟ. ಹಿರಿಯ ಯಜಮಾನ ರಾಮಲಿಂಗಯ್ಯನವರು ಜಗಲಿಯಲ್ಲಿ ಕೂತು ಹುರಿ ಹೊಸೆಯುತ್ತಿದ್ದರು. ಹರಿವಾಣ ನೋಡಿದ್ದೇ ಹುರಿ ಕೆಳಗಿಟ್ಟು ನೆಟ್ಟಗೆ ಕೂತರು.

"ಏನ್ಲಾ ಪ್ರಭು, ಯಾವ ಇಸ್ಯ?"

"ಚಂದ್ರಿಕೆ ಇಸ್ಯ, ಯಜಮಾನ್ರೆ. ಅನ್ನೊಂದು ಗಂಟ್ಗೆ ಮನೆತಕೆ ಬಂದ್ಬುಡಿ."

ರಾಮಲಿಂಗಯ್ಯ ಬಹಳ ಹೊತ್ತು ಅವನ ಮುಖ ನೋಡಿ, ಹರಿವಾಣ ಮುಟ್ಟಿ ಕಣ್ಣಿಗೊತ್ತಿಕೊಂಡು ಎಲೆ ತೆಗೆದುಕೊಂಡರು. ಹೀಗೇ ಐದು ಮನೆ ಆಯಿತು. ಇಷ್ಟು ಮರ್ಯಾದೆ ಸಿಕ್ಕೀತೆಂದು ಪ್ರಭುಸ್ವಾಮಿ ಕನಸಲ್ಲೂ ಎಣಿಸಿರಲಿಲ್ಲ. ಹಿಗ್ಗಿಕೊಂಡು ಮನೆಗೆ ಬಂದವನ ಕೈಲಿದ್ದ ಖಾಲಿ ಹರಿವಾಣವನ್ನು ಕೆಂಪಾಜಮ್ಮ ನೋಡಿದರು.

"ಲೇ, ಎಲೆಯ ಕೈಯಲ್ಲಿ ಕೊಟ್ಯಾ, ಅರಿವಾಣದಲ್ಲಿ ಕೊಟ್ಯಾ?"

"ಅರಿವಾಣದಲ್ಲಿ ಕಣವ್ವ. ಮರ್ವಾದೆಯಾಗಿ ಕೊಟ್ಟೆ."

"ಮರ್ವಾದೆ ಓಯ್ತು ಬುಡು" ಅಂದು ಕೆಂಪಾಜಮ್ಮ ಗೋಡೆಗೊರಗಿ ಕೂತುಬಿಟ್ಟರು.

ನಮ್ಮೂರಿನಲ್ಲಿ ಎಲೆಯನ್ನು ಕೈಯಲ್ಲಿ ಕೊಟ್ಟರೆ ಅದು ಉಪಚಾರ. ಹರಿವಾಣದಲ್ಲಿಟ್ಟು ಯಜಮಾನರ ಮನೆಬಾಗಿಲಿಗೆ ಒಯ್ದರೆ ಅದು ಫಿರ್ಯಾದಿ, ನ್ಯಾಯ ಕೂರಿಸಿ ಅಂತ ಅರ್ಥ. ಹಾಗೆ ಎಲೆ ಹಿಡಿದ ಯಜಮಾನ ತೀರ್ಪು ಆಗುವ ತನಕ ಕರೆದವನ ಮನೆ ಬಿಟ್ಟು ಏಳುವ ಹಾಗಿಲ್ಲ, ಅವನ ಅನ್ನ ನೀರು ಕರೆದವನದೇ. ಈ ಪದ್ಧತಿ ಊರಿನ ಕೂಸುಗಳಿಗೂ ಗೊತ್ತು. ಪ್ರಭುಸ್ವಾಮಿಗೂ ಗೊತ್ತಿತ್ತು, ಆದರೆ ಹರಿವಾಣ ಬೆಳಗುವ ಸಡಗರದಲ್ಲಿ ನೆನಪಾಗಲಿಲ್ಲ.

ಹನ್ನೊಂದು ಗಂಟೆಗೆ ಐದೂ ಜನ ಯಜಮಾನರು ಪೇಟ ಸುತ್ತಿಕೊಂಡು ಬಂದರು. ಎರಡೂ ಮನೆಗೆ ಗೋಡೆ ಒಂದೇ ಆದ್ದರಿಂದ ನಾನೂ ಹೋದೆ. ಹಜಾರದಲ್ಲಿ ಟಿ.ವಿ. ಮುಂದೆ ಜಮಖಾನ ಹಾಸಿತ್ತು. ಕೆಂಪನಂಜಪ್ಪನೆಂಬ ಯಜಮಾನ ದವಡೆಗೆ ಹೊಗೆಸೊಪ್ಪು ಒತ್ತಿಕೊಂಡು ಬಂದಿದ್ದ. ಹೊಗೆಸೊಪ್ಪಿನ ಘಾಟು ಹುಳುವಿಗೆ ಆಗುವುದಿಲ್ಲವೆಂದು ಪುಷ್ಪ ಹಿಂದಿನ ಕೋಣೆಯ ಬಾಗಿಲಿಗೆ ಗೋಣಿತಾಟು ಕಟ್ಟಿ ಒಳಗೆ ಸೇರಿಕೊಂಡಳು.

ಟಿ.ವಿ.ಯಲ್ಲಿ ಒಂದು ಉದ್ದನೆಯ ಮೇಜು ಕಾಣಿಸಿತು. ಒಂದು ಕಡೆ ಸಮಿತಿಯ ಅಧ್ಯಕ್ಷರು, ಇನ್ನೊಂದು ಕಡೆ ನಿಗಮದ ದೊಡ್ಡ ಸಾಹೇಬರು. ಚಂದ್ರಿಕೆ ಎಲ್ಲಿ ಎಂದು ಅಧ್ಯಕ್ಷರು ಕೇಳಿದರು. "ಕಡತ ನೋಡಿ ಹೇಳಬೇಕು" ಎಂದರು ಸಾಹೇಬರು. ಯಾರಿಗೆ ಹಂಚಿದಿರಿ ಎಂದು ಕೇಳಿದರು. "ಕಡತ ನೋಡಿ ಹೇಳಬೇಕು."

ಕೆಂಪನಂಜಪ್ಪನಿಗೆ ತಡೆಯಲಾಗಲಿಲ್ಲ. "ನ್ಯಾಯದಲ್ಲಿ ಕೂತ್ಕಂಡು ಮಾತಾಡ್ತನಲ್ಲ ಇಂವ. ಲೇ, ಎದ್ ನಿಂತ್ಕಂಡು ಯೋಳ್ಲಾ" ಅಂದ.

ಆ ಕ್ಷಣಕ್ಕೆ ಸರಿಯಾಗಿ ಸಾಹೇಬರು ಯಾವುದೋ ಕಾಗದ ತೆಗೆದುಕೊಳ್ಳಲು ಎದ್ದು ನಿಂತರು.

ಕೆಂಪನಂಜಪ್ಪ ಸುತ್ತ ಒಮ್ಮೆ ನೋಡಿ ಮೀಸೆ ನೇವರಿಸಿಕೊಂಡ. ಅಲ್ಲಿಂದಾಚೆಗೆ ಯಜಮಾನರು ಟಿ.ವಿ. ನೋಡುವುದನ್ನು ಬಿಟ್ಟು ನ್ಯಾಯ ನಡೆಸತೊಡಗಿದರು. ಸಾಹೇಬರು ನೀರು ಕುಡಿದರೆ, "ಗಂಟ್ಲು ಒಣಗ್ತಾದೆ, ಕಳ್ಳನೇಯ" ಎಂದು ಬರೆದಿಟ್ಟಂತೆ ಹೇಳಿದರು. ಅಧ್ಯಕ್ಷರ ಪ್ರಶ್ನೆ ಸಪ್ಪೆಯಾದಾಗ ರಾಮಲಿಂಗಯ್ಯ, "ಅದಲ್ಲ ಸಾ, ಅವರಮ್ಮನ ಮೇಲೆ ಆಣೆ ಇಡ್ಸಿ ಕೇಳಿ" ಎಂದು ವಿನಯದಿಂದ ಸೂಚಿಸಿದರು.

ಅಷ್ಟರಲ್ಲಿ ಸಾಹೇಬರಿಗೆ ಕಡತ ಸಿಕ್ಕಿತು, ಓದತೊಡಗಿದರು. "ಯಳಂದೂರು ತಾಲ್ಲೂಕು, ಮಾಂಬಳ್ಳಿ ಗ್ರಾಮ, ಮುನ್ನೂರು ಚಂದ್ರಿಕೆಗಳು. ವಿತರಣೆಯಾಗಿದೆ."

ಹಜಾರದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿಬಿಟ್ಟರು. ಬೆಂಗಳೂರಿನಲ್ಲಿ ನಮ್ಮೂರಿನ ಹೆಸರು ಹೇಳಿದ್ದರು. ಪ್ರಭುಸ್ವಾಮಿ ಟಿ.ವಿ.ಗೆ ಕೈ ಮುಗಿದ. ಚಪ್ಪಾಳೆ ನಿಂತ ಮೇಲೆ ಒಬ್ಬೊಬ್ಬರಿಗೇ ಯೋಚನೆ ಬಂತು. ತನಗಂತೂ ಒಂದೂ ಬಂದಿಲ್ಲ. ಹಾಗಾದರೆ ಆ ಮುನ್ನೂರು ಯಾರಿಗೆ ಬಂತು? ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐವತ್ತು ವರ್ಷ ಒಂದೇ ಎಲೆಚೀಲದಿಂದ ಎಲೆ ಹಾಕಿಕೊಂಡವರು ಪಕ್ಕದವನಿಂದ ಒಂದು ಗೇಣು ಸರಿದು ಕೂತರು.

ಇದೇ ಸಮಯಕ್ಕೆ ಹೊರಗೆ ಮೊಪೆಡ್ ನಿಂತ ಸದ್ದಾಯಿತು. ನಿಗಮದ ನಮ್ಮ ಕಡೆಯ ಕ್ಷೇತ್ರ ಸಹಾಯಕ ಶಿವರುದ್ರಸ್ವಾಮಿ ಬಂದಿದ್ದ. ವಾರಕ್ಕೊಮ್ಮೆ ಬಂದು, ಹುಳುವಿನ ಕೋಣೆಯ ಬಾಗಿಲಲ್ಲಿ ನಿಂತು, "ಚೆನ್ನಾಗವೆ, ಚೆನ್ನಾಗವೆ" ಎಂದು ಹೇಳಿ ಕಾಫಿ ಕುಡಿದು ಹೋಗುವುದು ಅವನ ಕೆಲಸ. ಒಳಗೆ ಕಾಲಿಟ್ಟವನು ಟಿ.ವಿ.ಯಲ್ಲಿ ತನ್ನ ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದುದನ್ನು ಕಂಡು, ಬಂದ ಹಾಗೇ ಹಿಂದಕ್ಕೆ ಹೆಜ್ಜೆ ಇಟ್ಟ.

"ಬಾ ಬಾ, ಕೂತ್ಗ" ಅಂದರು ರಾಮಲಿಂಗಯ್ಯ. "ಪ್ರತಿವಾದಿ ಎದುರ್ಗಿಲ್ದಿದ್ರೆ ಅವನ ದಾಯಾದಿ ಜವಾಬು ಯೋಳ್ಬೇಕು. ನೀನು ಅದೇ ನಿಗಮ್ದೋನು ತಾನೆ?"

"ದಾಯಾದಿ ಅಲ್ಲ ಸಾ, ನಾನು ಟೆಂಪರ್ವರಿ."

"ಟೆಂಪರ್ವರಿ ದಾಯಾದಿ ಅಂತ ಇಟ್ಕಳ್ಳನ. ಚಂದ್ರಿಕೆ ಎಲ್ಲಿ?"

ಅಷ್ಟರಲ್ಲಿ ಬಾಗಿಲ ಮುಂದೆ ಗಾಡಿ ಬಂದು ನಿಂತಿತು. ಪುಷ್ಪಳ ಅಪ್ಪ ಶಿವನಂಜಯ್ಯ ಮುಳ್ಳೂರಿನಿಂದ ಬೆಳಗಿನ ಜಾವವೇ ಎತ್ತು ಕಟ್ಟಿಕೊಂಡು ಹೊರಟಿದ್ದರು. ಮಗಳ ಮನೆಯ ಬೆಳೆಗೆಂದು ತಮ್ಮ ಮನೆಯ ಚಂದ್ರಿಕೆಗಳನ್ನೆಲ್ಲ ಗಾಡಿಗೆ ಹೇರಿದ್ದರು. ಗಾಡಿಯ ಮೇಲೆ ಬಿದಿರಿನ ಗೋಪುರವೇ ಎದ್ದಿತ್ತು.

ಕೆಂಪನಂಜಪ್ಪ ಕಿಟಕಿಯಲ್ಲಿ ನೋಡಿ ಬಹಳ ಶಾಂತವಾಗಿ ಹೇಳಿದ. "ಬಂದ್ವಲ್ಲಪ್ಪ."

ಮುಂದಿನದನ್ನು ಹೇಳಲು ನನಗೆ ಸಂಕೋಚವಾಗುತ್ತದೆ. ಬೀಗರಿಗೆ ಕಾಲಿಗೆ ನೀರು ಕೊಡುವುದು ಬಿಟ್ಟು ಗಾಡಿಯನ್ನು ಸುತ್ತುವರಿದರು. ಟಿ.ವಿ. ತರುವ ಅನುಕೂಲ ಪ್ರಭುಸ್ವಾಮಿಗೆ ಎಲ್ಲಿಂದ ಬಂತೆಂಬುದು ಒಬ್ಬರಿಗೆ ತಟ್ಟನೆ ಹೊಳೆಯಿತು. ಕದ್ದವನೇ ಮುಂಚಿತವಾಗಿ ಫಿರ್ಯಾದಿ ಕೊಟ್ಟು ಒಳ್ಳೆಯವನಾಗಲು ನೋಡಿದ್ದಾನೆಂಬುದು ಇನ್ನೊಬ್ಬರಿಗೆ ಹೊಳೆಯಿತು. ಶಿವನಂಜಯ್ಯ ಬಾರುಕೋಲು ಹಿಡಿದು ನಿಂತರು.

"ಮಗಳ ಮನೆಗೆ ನಮ್ ಮನೆ ಚಂದ್ರಿಕೆ ತಂದಿವ್ನಿ. ಮಾದಪ್ಪನಾಣೆ. ನಿಮ್ಮೂರಲ್ಲಿ ನೆಂಟ್ರನ್ನ ಮಾತಾಡ್ಸಾದು ಇಂಗೇಯ?"

ರಾಮಲಿಂಗಯ್ಯ ಶಿವರುದ್ರಸ್ವಾಮಿಯನ್ನು ಕರೆದು ಗಾಡಿ ತೋರಿಸಿದರು. "ನೋಡಿ ಯೋಳು. ಇವು ನಿಮ್ ನಿಗಮದವಾ, ಅಲ್ವಾ?"

"ಎಂಗೆ ಯೋಳದು ಸಾ? ನಮ್ ನಿಗಮದ ಚಂದ್ರಿಕೇನ ನಾನೂ ನೋಡಿಲ್ಲ. ನೋಡಿದ್ರೆ ತಾನೆ ಗುರ್ತು ಸಿಕ್ಕಾದು."

ಅಷ್ಟು ಸತ್ಯವಾದ ಮಾತನ್ನು ಆ ದಿನ ಬೆಂಗಳೂರಿನಲ್ಲೂ ಯಾರೂ ಹೇಳಿರಲಿಲ್ಲ. ಅದರಿಂದ ಪ್ರಯೋಜನವಾಗಲಿಲ್ಲ. ಅವನು ತಮ್ಮದಲ್ಲ ಅನ್ನಲಿಲ್ಲ, ಆದ್ದರಿಂದ ಸಂಶಯ ಹೋಗಲಿಲ್ಲ. ಚಂದ್ರಿಕೆಗಳನ್ನು ಬೇವಿನ ಮರಕ್ಕೆ ಒರಗಿಸಿ, ತೀರ್ಪಿನ ತನಕ ಯಾರೂ ಮುಟ್ಟಕೂಡದೆಂದು ರಾಮಲಿಂಗಯ್ಯ ಸುತ್ತ ಗೆರೆ ಎಳೆದರು. ಪ್ರಭುಸ್ವಾಮಿಯನ್ನು ಜಮಖಾನದಿಂದ ಎಬ್ಬಿಸಿ ಟಿ.ವಿ. ಪಕ್ಕದಲ್ಲಿ ನಿಲ್ಲಿಸಿದರು. ಟಿ.ವಿ. ಒಳಗೊಬ್ಬ ಆರೋಪಿ, ಹೊರಗೊಬ್ಬ ಆರೋಪಿ.

"ಪ್ರಭು, ದಿಟ ಯೋಳು. ನಿನ್ ಮನೇಲಿ ಎಷ್ಟು ಚಂದ್ರಿಕೆ ಅವೆ?"

ಪ್ರಭುಸ್ವಾಮಿಗೆ ಬೆಳಗಿನಿಂದ ಕಿವಿಗೆ ಬಿದ್ದದ್ದೇ ನಾಲಗೆಗೂ ಬಂತು. "ಕಡತ ನೋಡಿ ಯೋಳ್ಬೇಕು" ಅಂದ.

ಕೆಂಪಾಜಮ್ಮ ಅಡುಗೆಮನೆಯಲ್ಲಿ ಹಣೆ ಚಚ್ಚಿಕೊಂಡ ಸದ್ದು ನಮಗೆಲ್ಲ ಕೇಳಿಸಿತು. ಆದರೂ ಆಕೆ ಕರ್ತವ್ಯ ಮರೆಯದ ಹೆಂಗಸು. ಅಷ್ಟೂ ಜನಕ್ಕೆ ಮುದ್ದೆ ತೊಳಸಿ ಅವರೆಕಾಳಿನ ಸಾರು ಬಡಿಸಿದರು. ಮಗನನ್ನು ಕಳ್ಳನೆನ್ನುತ್ತಿದ್ದವರು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಊಟವಾಗಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಟಿ.ವಿ.ಯಲ್ಲಿ ಅಧ್ಯಕ್ಷರು ಎದ್ದು, "ವಿಚಾರಣೆಯನ್ನು ಮುಂದಿನ ಬುಧವಾರಕ್ಕೆ ಮುಂದೂಡಲಾಗಿದೆ" ಎಂದರು. ಮೇಜು ಹೋಗಿ ಗುಲಾಬಿ ಹೂವು ಬಂತು. ಹೂವಿನ ಹಿಂದೆ ಯಾರೋ ಕೊಳಲು ಊದಿದರು.

"ಮುಂದೂಡಾದು ಅಂದ್ರೇನು?" ರಾಮಲಿಂಗಯ್ಯ ನನ್ನ ಕಡೆ ತಿರುಗಿದರು. ನಾನು ವಿವರಿಸಿದೆ. ಅವರು ನಂಬಲಿಲ್ಲ. "ನ್ಯಾಯಕ್ಕೆ ಕೂತ್ಮೇಲೆ ಎದ್ದೋಗಾದುಂಟಾ? ಅವರ್ಗೆ ಎಲೆ ಕೊಟ್ಟೋರು ಯಾರು, ಅನ್ನ ಆಕೋರು ಯಾರು? ಆಯ್ತು, ಅವ್ರು ಎದ್ರೆ ಏಳ್ಲಿ. ನಾವು ಏಳಾಂಗಿಲ್ಲ. ಬುಧವಾರದ ಗಂಟ ಇಲ್ಲೇ ಕೂರನ."

ಐದೂ ಜನ ಪೇಟ ಬಿಚ್ಚಿ ತಲೆದಿಂಬು ಮಾಡಿಕೊಂಡರು. ಶಿವರುದ್ರಸ್ವಾಮಿ ಮೊಪೆಡ್ಡಿನ ಕಡೆ ಆಸೆಯಿಂದ ನೋಡಿದ. ಅದರ ಬೀಗದ ಕೈ ಕೆಂಪನಂಜಪ್ಪನ ಸೊಂಟದಲ್ಲಿತ್ತು.

ಆಗ ಗೋಣಿತಾಟು ಸರಿಯಿತು. ಪುಷ್ಪ ಒಂದು ಬಿದಿರು ತಟ್ಟೆಯನ್ನು ಎತ್ತಿಕೊಂಡು ಬಂದು ಯಜಮಾನರ ನಡುವೆ ಜಮಖಾನದ ಮೇಲೆ ಇಟ್ಟಳು. ಅವಳು ಹಿರಿಯರೆದುರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಗಲೂ ಎತ್ತಲಿಲ್ಲ.

"ಅಣ್ಣಾಗ್ಬುಟ್ಟೊ" ಅಂದಳು. "ನಾಳೀಕೆ ಅಂದ್ಕಂಡಿದ್ದೆ. ಸೆಕೆಗೆ ಇವತ್ತೇ ಆಗವೆ, ಅಷ್ಟೂ ತಟ್ಟೇಲಿ. ಆಳುಗಳೆಲ್ಲ ಪಕ್ಕದೂರು ಒನ್ನೂರಿನ ಗದ್ದೆ ಕುಯ್ಲಿಗೆ ಓಗವ್ರೆ. ಚಂದ್ರಿಕೆಯ ನೀವು ಮುಟ್ಬ್ಯಾಡಿ ಅಂದ್ರಿ, ಅಜಾರದಲ್ಲಿ ನೀವೇ ಮಲಗಿದ್ದೀರಿ. ನಿಮ್ ನ್ಯಾಯ ಬುಧವಾರದ ಗಂಟ ಕಾಯ್ತದೆ. ಇವು ಕತ್ಲಾಗಾ ಗಂಟಾನೂ ಕಾಯಾಕಿಲ್ಲ. ನಮ್ಮೋರು ಕದ್ದವ್ರೆ ಅಂತ್ಲೇ ಇಟ್ಕಳಿ, ನಾಳೆ ಏನ್ ಸಿಕ್ಸೆ ಕೊಟ್ರೂ ಅನುಭೋಗುಸ್ತೀವಿ. ಈ ಉಳ ಏನ್ ಮಾಡವೆ?"

ತಟ್ಟೆಯಲ್ಲಿ ಹುಳುಗಳು ಸೊಪ್ಪು ಬಿಟ್ಟು, ಮೈ ಹೊಂಬಣ್ಣವಾಗಿ, ತಲೆ ಎತ್ತಿ ಆಚೆ ಈಚೆ ಆಡಿಸುತ್ತ ಜಾಗ ಹುಡುಕುತ್ತಿದ್ದವು. ಯಜಮಾನರಾದರೂ ಐದೂ ಜನ ಹುಳು ಸಾಕಿದವರೇ. ಹಣ್ಣು ಹುಳು ಕಂಡು ಸುಮ್ಮನೆ ಕೂತಿರುವ ಕೈ ನಮ್ಮ ಸೀಮೆಯಲ್ಲಿಲ್ಲ. ಕೆಂಪನಂಜಪ್ಪನ ಬೆರಳುಗಳು ತಾವಾಗಿ ತಟ್ಟೆಯ ಕಡೆ ಹೋದವು, ಅವನೇ ಹಿಂದಕ್ಕೆಳೆದುಕೊಂಡು ರಾಮಲಿಂಗಯ್ಯನವರ ಮುಖ ನೋಡಿದ.

ರಾಮಲಿಂಗಯ್ಯ ಗಡ್ಡ ಕೆರೆದುಕೊಂಡರು. ಪದ್ಧತಿ ಮುರಿಯುವ ಹಾಗಿಲ್ಲ, ಹುಳು ಕೊಲ್ಲುವ ಹಾಗಿಲ್ಲ. ಕೊನೆಗೆ ಗಂಟಲು ಸರಿ ಮಾಡಿಕೊಂಡರು.

"ಸಾಕ್ಷಿ ಸಾಮಾನು ಯಾರ ವಶದಲ್ಲಿರ್ಬೇಕು?"

"ಯಜಮಾನ್ರ ವಶದಲ್ಲಿ" ಅಂದರು ಎಲ್ಲರೂ.

"ಮರದಡೀಲಿದ್ರೆ ಅದು ನಮ್ಮ ವಶವಾ? ನಾಯಿ ವಶ. ಎಲ್ಲಾನೂ ಒಳೀಕ್ ತನ್ನಿ. ನಮ್ ಕಣ್ಮುಂದೆ, ನಮ್ ಕೈಲೇ ಇರ್ಲಿ. ಕೈಲಿ ಇಟ್ಕಂಡು ಸುಮ್ನೆ ಯಾಕ್ ಕೂರಾದು?"

ಕೆಂಪನಂಜಪ್ಪ ಆಗಲೇ ಹಿತ್ತಲಿಗೆ ಓಡಿದ್ದ. ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ, ಮೊಳಕೈ ತನಕ ಸೋಪು ಹಾಕಿ ತೊಳೆದುಕೊಂಡು ಬಂದ. ಗೆರೆ ಎಳೆದವರೇ ಗೆರೆ ದಾಟಿ ಚಂದ್ರಿಕೆ ಹೊತ್ತರು. ಶಿವನಂಜಯ್ಯ ಕೋಪವನ್ನು ಗಾಡಿಯಲ್ಲೇ ಬಿಟ್ಟು ಅವನ್ನು ಹಜಾರದ ತುಂಬ ಒರಗಿಸಿ ನಿಲ್ಲಿಸಿದರು. ನಾನೂ, ನನ್ನ ಹೆಂಡತಿಯೂ ಕೂತೆವು. ಕಳ್ಳ, ನ್ಯಾಯಾಧೀಶ, ದಾಯಾದಿ ಎಂಬ ಭೇದವಿಲ್ಲದೆ ಎಲ್ಲರೂ ಮಂಡಿಯೂರಿ ಹುಳು ಆಯ್ದೆವು.

ಒಬ್ಬ ಶಿವರುದ್ರಸ್ವಾಮಿ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದ. ಕೇಳಿದ್ದಕ್ಕೆ ತಲೆ ತಗ್ಗಿಸಿ, "ಮುಟ್ಟಾಕೆ ಭಯ ಸಾ" ಅಂದ. ಆರು ವರ್ಷದಿಂದ ರೇಷ್ಮೆ ರೈತರಿಗೆ ಬುದ್ಧಿ ಹೇಳುತ್ತಿದ್ದವನು ಒಂದು ಹುಳುವನ್ನೂ ಮುಟ್ಟಿರಲಿಲ್ಲ. ಪುಷ್ಪ ಒಂದು ಹುಳುವನ್ನು ಅವನ ಅಂಗೈಮೇಲೆ ಬಿಟ್ಟಳು. ಅವನು ಕಣ್ಣು ಮುಚ್ಚಿ ಶಿವ ಶಿವಾ ಎಂದ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ಬಿಟ್ಟ. ಆಮೇಲೆ ಅವನನ್ನು ತಡೆಯುವವರೇ ಇರಲಿಲ್ಲ, ಹಣ್ಣಾಗದವನ್ನೂ ಎತ್ತಿ ಎತ್ತಿ ಹಾಕುತ್ತಿದ್ದ.

ಟಿ.ವಿ.ಯನ್ನು ಆರಿಸುವುದಕ್ಕೂ ಯಾರಿಗೂ ಕೈ ಬಿಡುವಿರಲಿಲ್ಲ. ಅದು ಏನೇನೋ ಹಿಂದಿಯಲ್ಲಿ ಮಾತಾಡಿಕೊಂಡು ತನ್ನ ಪಾಡಿಗಿತ್ತು. ದೀಪ ಹಚ್ಚುವ ಹೊತ್ತಿಗೆ ಕೊನೆಯ ತಟ್ಟೆ ಖಾಲಿಯಾಯಿತು. ಚಂದ್ರಿಕೆಗಳ ಸುರುಳಿಯಲ್ಲೆಲ್ಲ ಹುಳು ನೂಲು ಬಿಡತೊಡಗಿದ್ದವು.

ಪುಷ್ಪ ತಂಬಿಗೆಯಲ್ಲಿ ನೀರು ತಂದು ಜಗಲಿಯ ಅಂಚಿಗೆ ನಿಂತಳು. ನಾವೇ ತೊಳೆದುಕೊಳ್ಳುತ್ತೇವೆ ಅಂದರೂ ಕೇಳದೆ ಒಬ್ಬೊಬ್ಬರ ಕೈಗೂ ತಾನೇ ನೀರು ಹಾಕಿದಳು. "ನಿಮ್ ಕೈ ತಣ್ಣಗಿರ್ಲಿ. ನಿಮ್ ಉಪ್ಕಾರವ ಸಾಯಗಂಟ ಮರೆಯಾಕಿಲ್ಲ" ಎಂದು ಪ್ರತಿಯೊಬ್ಬರಿಗೂ ಹೇಳಿದಳು. ಶಿವರುದ್ರಸ್ವಾಮಿಗೆ ಹೇಳುವಾಗ ಅವನು ಅತ್ತುಬಿಟ್ಟ, ನಿಗಮದವರಿಗೆ ಅಂಥ ಮಾತು ಕೇಳಿ ಅಭ್ಯಾಸವಿರಲಿಲ್ಲ. ನನ್ನ ಸರದಿ ಬಂದಾಗ ನಾನೂ ಆ ಕಡೆ ಮುಖ ತಿರುಗಿಸಿಕೊಂಡೆ. ಪ್ರಭುಸ್ವಾಮಿ ಆರೋಪಿಯ ಜಾಗಕ್ಕೆ ತಾನಾಗಿ ಹೋಗಿ, ಟಿ.ವಿ. ಪಕ್ಕ ಕೈ ಕಟ್ಟಿಕೊಂಡು ನಿಂತ. ಅವನಿಗೆ ಶಿಕ್ಷೆಯ ನೆನಪಿತ್ತು.

ಕೆಂಪಾಜಮ್ಮ ಹಜಾರದ ಬಾಗಿಲಿಗೆ ಬಂದರು. ಒಂದು ಚಂದ್ರಿಕೆಯ ಹತ್ತಿರ ಬಗ್ಗಿ ನೋಡಿದರು. ಇನ್ನೊಂದನ್ನು ನೋಡಿದರು. ಸೊಸೆಯ ಗುಳಿಬಿದ್ದ ಕಣ್ಣನ್ನು ನೋಡಿದರು.

"ಲೇ ಪ್ರಭು, ಬೆಳಿಗ್ಗೆ ಎದ್ದು ಸೊಪ್ಪಿನ ತೋಟಕ್ಕೆ ನೀರು ಕಟ್ಲಾ."

"ಅದ ಕಿತ್ತು ಕಬ್ಬು ಆಕ್ಬೇಕು ಅಂದಿದ್ಯಲ್ಲವ್ವ?"

"ಯಾವ ಕಬ್ಬು? ನೀರ್ ಕಟ್ಟು ಅಂದ್ರೆ ಕಟ್ಬೇಕು."

ರಾಮಲಿಂಗಯ್ಯ ಕಿವಿ ನೆಟ್ಟಗೆ ಮಾಡಿದರು. ಅಕ್ಕಪಕ್ಕದವರನ್ನು ನೋಡಿದರು. ಪೇಟ ಕೊಡವಿ ತಲೆಗೆ ಸುತ್ತಿಕೊಂಡರು.

"ತೀರ್ಪಾಯ್ತು, ನೀರ್ ಕಟ್ಟಾದೇ ಸಿಕ್ಸೆ" ಅಂದರು. "ಏಳ್ರಪ್ಪ, ಮನೆಗೋಗನ."

ಪುಷ್ಪ ಅತ್ತೆಯ ಕಾಲಿಗೆ ಬಿದ್ದಳು. ಕೈಲಿದ್ದ ತಂಬಿಗೆ ಕೆಳಗಿಡುವುದು ಅವಳಿಗೆ ಮರೆತಿತ್ತು, ನೀರೆಲ್ಲ ಕೆಂಪಾಜಮ್ಮನ ಕಾಲ ಮೇಲೆ ಚೆಲ್ಲಿತು.

"ತೋಟಕ್ಕೆ ನೀರ್ ಕಟ್ಟಿ ಅಂದ್ರೆ ನನ್ ಕಾಲಿಗ್ ಕಟ್ತೀಯಲ್ಲೇ" ಅಂದರು ಕೆಂಪಾಜಮ್ಮ. ಆದರೆ ಕಾಲು ಹಿಂದಕ್ಕೆ ತೆಗೆಯಲಿಲ್ಲ.